ಬೆರಳಚ್ಚು ಕೂಡದಿದ್ದರೂ ಪಿಂಚಣಿ ತಪ್ಪಬೇಕಿಲ್ಲ

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆ. ಅತ್ತೆಗೆ 76 ವರ್ಷ, ಬಹುಕಾಲ ಬೀಡಿ ಕಟ್ಟಿದವರು. ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಮಸ್ಟರಿಂಗ್‌ಗೆ (ಪಿಂಚಣಿದಾರರು ಬದುಕಿದ್ದಾರೆಂದು ಖಚಿತಪಡಿಸುವುದಕ್ಕೆ) ಬೆರಳು ಒತ್ತಿದರೆ ಪ್ರತಿ ಸಲವೂ ವಿಫಲ ಅಂತ ಬರುತ್ತದೆ. ವೃದ್ಧಾಪ್ಯ ಪಿಂಚಣಿ ನಿಂತಿದೆ. ಬರುತ್ತಿದ್ದಾಗಲೂ ಕೈಗೆ 200 ರೂಪಾಯಿ ಕಡಿಮೆಯೇ ಸಿಗುತ್ತಿತ್ತು. ಏನು ಮಾಡಲಿ?

ಉತ್ತರ: ಬೀಡಿ ಕಟ್ಟಿದ, ಅಡಿಕೆ ಸುಲಿದ ಕೈಗಳಲ್ಲಿ ಬೆರಳಿನ ಗೆರೆ ಸವೆದಿರುತ್ತದೆ, ವಯಸ್ಸಾದಂತೆ ಚರ್ಮ ಒಣಗುತ್ತದೆ. ಯಂತ್ರ ಗುರುತು ಹಿಡಿಯದ ಮಾತ್ರಕ್ಕೆ ಪಿಂಚಣಿಯ ಹಕ್ಕು ಹೋಗುವುದಿಲ್ಲ. ಹಿಂದಿನ ರಾತ್ರಿ ಬೆರಳಿಗೆ ತೆಂಗಿನೆಣ್ಣೆ ಹಚ್ಚಿ, ಬೆಳಿಗ್ಗೆ ಸೋಪು ಹಾಕಿ ತೊಳೆದು, ಒರೆಸಿ ಕರೆದುಕೊಂಡು ಹೋಗಿ. ಹೆಬ್ಬೆರಳೇ ಆಗಬೇಕೆಂದಿಲ್ಲ, ಹತ್ತೂ ಬೆರಳು ನೋಡಲು ಹೇಳಿ. ಕಣ್ಣಿನ ಸ್ಕ್ಯಾನರ್ ಇದೆಯೇ ಎಂದೂ ಕೇಳಿ. ಮಸ್ಟರಿಂಗ್ ಶುಲ್ಕ ಕೇಂದ್ರದಲ್ಲಿ 30 ರೂಪಾಯಿ. ನಡೆಯಲಾಗದವರಿಗೆ ಅಕ್ಷಯದವರು ಮನೆಗೇ ಬಂದು ಮಾಡಿಕೊಡಬೇಕು, ಅದಕ್ಕೆ 50.

ಇಷ್ಟಾದರೂ ಆಗದಿದ್ದರೆ ಪಂಚಾಯತ್ ಕಚೇರಿಯಲ್ಲಿ ಜೀವಂತ ಪ್ರಮಾಣಪತ್ರ ಕೊಡುವ ದಾರಿ ಇದೆ. ಆದರೆ ಅಕ್ಷಯದಲ್ಲಿ ಮಸ್ಟರಿಂಗ್ ಯತ್ನಿಸಿ ವಿಫಲವಾದವರಿಗೆ ಮಾತ್ರ. ಹಾಗಾಗಿ ವಿಫಲವಾದದ್ದಕ್ಕೆ ದಾಖಲೆ ಕೇಳಿ ಪಡೆಯಿರಿ, ಸುಮ್ಮನೆ ಮನೆಗೆ ಮರಳಬೇಡಿ. ಪ್ರಮಾಣಪತ್ರದ ನಮೂನೆ, ಅದಕ್ಕೆ ಬೇಕಾದ ಸಹಿ ಎರಡನ್ನೂ ಪಂಚಾಯತಿನ ಪಿಂಚಣಿ ವಿಭಾಗದಲ್ಲಿ ಮೊದಲೇ ವಿಚಾರಿಸಿದರೆ ಎರಡೆರಡು ಸಲ ಅಲೆಯುವುದು ತಪ್ಪುತ್ತದೆ. ಹೆಚ್ಚಿನ ಕಡತಗಳು ಎಡವುವುದು ಇದರ ಮುಂದಿನ ಹಂತದಲ್ಲಿ: ಕಾಗದ ಕಚೇರಿ ಸೇರಿರುತ್ತದೆ, ಪಿಂಚಣಿಯ ‘ಸೇವನ’ ಜಾಲತಾಣದಲ್ಲಿ ದಾಖಲಾಗಿರುವುದಿಲ್ಲ. ರಶೀದಿ ಪಡೆಯಿರಿ. ವಾರ ಕಳೆದು ಆಧಾರ್ ಸಂಖ್ಯೆ ಅಥವಾ ಪಿಂಚಣಿ ಐಡಿ ಹಾಕಿ ಆ ಜಾಲತಾಣದಲ್ಲಿ ಸ್ಥಿತಿ ನೋಡಿ. ಬದಲಾಗಿಲ್ಲವೆಂದರೆ ರಶೀದಿ ಹಿಡಿದು ಪಂಚಾಯತ್ ಸೆಕ್ರೆಟರಿಯವರನ್ನೇ ಕಾಣಿ.

ಇನ್ನು ಆ 200. ಸಹಕಾರಿ ಬ್ಯಾಂಕಿನವರು ಮನೆಗೆ ತಂದುಕೊಡುವುದರಲ್ಲಿ ಕೇಂದ್ರ ಸರಕಾರದ ಪಾಲು ಸೇರಿರುವುದಿಲ್ಲ. ಆ ಪಾಲಿಗೆ ಅರ್ಹರಾದವರಿಗೆ 79 ವರ್ಷದವರೆಗೆ 200, 80 ತುಂಬಿದ ಮೇಲೆ 500 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ. 2025ರ ನವೆಂಬರಿನಿಂದ ಪಿಂಚಣಿ 2,000 ಆಗಿರುವುದರಿಂದ 200ರ ಪಾಲು ಇರುವವರ ಕೈಗೆ ಬರುವುದು 1,800. ಉಳಿದದ್ದು ಎಷ್ಟೋ ಮನೆಗಳಲ್ಲಿ ಉದ್ಯೋಗ ಖಾತರಿ ಕೂಲಿಗೆಂದು ತೆರೆದು ಮರೆತ ಖಾತೆಯಲ್ಲಿರುತ್ತದೆ. ಆಧಾರ್ ಜೋಡಿಸಿದ ಖಾತೆ ಯಾವುದೆಂದು ತಿಳಿದುಕೊಂಡು ಪಾಸ್‌ಬುಕ್ ಅಚ್ಚು ಹಾಕಿಸಿ.

ಪ್ರಶ್ನೆ: ಎಣ್ಮಕಜೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದಾರೆ, ಮೂತ್ರಕ್ಕೆ ಟ್ಯೂಬು ಹಾಕಿದ್ದಾರೆ. ಅದನ್ನು ಬದಲಿಸಲು ಪ್ರತಿ ಸಲ ಮಂಗಳೂರಿಗೆ ಹೋಗಬೇಕೇ?

ಉತ್ತರ: ಬೇಕಾಗಿಲ್ಲ. ಕೇರಳದಲ್ಲಿ 2008ರಿಂದ ಪಾಲಿಯೇಟಿವ್ (ದೀರ್ಘಕಾಲದ ರೋಗಿಗಳ ನೋವು ತಗ್ಗಿಸುವ ಆರೈಕೆ) ನೀತಿ ಇದೆ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬಂದು ಟ್ಯೂಬು ಬದಲಿಸುತ್ತಾರೆ, ಹಾಸಿಗೆ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಾರೆ. ಆಶಾ ಕಾರ್ಯಕರ್ತೆಗೋ ವಾರ್ಡ್ ಮೆಂಬರಿಗೋ ಹೇಳಿ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ. ಮಂಗಳೂರಿನ ಡಿಸ್ಚಾರ್ಜ್ ಸಮ್ಮರಿ, ಔಷಧಿ ಚೀಟಿ ತೆಗೆದಿಡಿ. ಟ್ಯೂಬು ಹಾಕಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಸಾಮಾನ್ಯ ಲೇಟೆಕ್ಸ್ ಟ್ಯೂಬು ಎರಡರಿಂದ ನಾಲ್ಕು ವಾರ, ಸಿಲಿಕೋನಿನದ್ದು ಹೆಚ್ಚೆಂದರೆ 12 ವಾರ.

ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ತೂಗುತ್ತಿರಲಿ, ನೆಲಕ್ಕೆ ತಾಗದಿರಲಿ. ಮಗ್ಗುಲು ಬದಲಿಸುವಾಗ ಅದನ್ನು ಅಪ್ಪನ ಹೊಟ್ಟೆಯ ಮೇಲೆ ಇಡುವ ಅಭ್ಯಾಸ ಹಲವರಿಗಿದೆ. ಆಗ ಚೀಲದ ಮೂತ್ರ ಹಿಂದಕ್ಕೆ ಹರಿದು ಸೋಂಕು ತಗಲುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು, ರಾತ್ರಿಯೂ. ಚಳಿಜ್ವರ ಬಂದರೆ, ಚೀಲಕ್ಕೆ ಮೂತ್ರ ಬರದೆ ಕೆಳಹೊಟ್ಟೆ ಉಬ್ಬಿದರೆ ನರ್ಸ್ ಬರುವ ದಿನಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ಅರ್ಜಿಯನ್ನು ಕನ್ನಡದಲ್ಲಿ ಬರೆಯಬಹುದೇ?

ಉತ್ತರ: ಧಾರಾಳವಾಗಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಕನ್ನಡಿಗರು ಗಣನೀಯವಾಗಿರುವ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಹೆಸರನ್ನು ಮಾತ್ರ ಆಧಾರ್‌ನಲ್ಲಿರುವ ಇಂಗ್ಲಿಷ್ ಅಕ್ಷರಗಳಲ್ಲೂ ಪಕ್ಕದಲ್ಲಿ ಬರೆಯಿರಿ. ಕನ್ನಡದ ಹೆಸರು ಮಲಯಾಳದ ರೇಷನ್ ಕಾರ್ಡಿನಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಆಗಿದ್ದರೆ ಇಬ್ಬರೂ ಒಬ್ಬರೇ ಎಂಬ ಸರ್ಟಿಫಿಕೇಟನ್ನು ವಿಲ್ಲೇಜ್ ಆಫೀಸಿನಿಂದ ಮಾಡಿಸಿ ಜೊತೆಗಿಡಿ.