ಇಪ್ಪತ್ತನೇ ತಾರೀಕಿಗೆ ಕೈ ಖಾಲಿ, ಎಲ್ಲಿಂದ ಹಿಡಿತ ಮಾಡಲಿ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಹಾಸನದಿಂದ ಕಾಸರಗೋಡಿಗೆ ವರ್ಗವಾಗಿ ಬಂದು ಆರು ತಿಂಗಳು. ವಿದ್ಯಾನಗರದಲ್ಲಿ ಬಾಡಿಗೆ ಮನೆ, ಇಬ್ಬರು ಮಕ್ಕಳು, ಕೈಗೆ ಬರುವುದು 38 ಸಾವಿರ. ದುಂದು ಏನೂ ಮಾಡುವುದಿಲ್ಲ, ಆದರೂ 20ನೇ ತಾರೀಕಿಗೆ ಖಾಲಿ. ಎಲ್ಲಿ ಕಡಿಮೆ ಮಾಡಲಿ, ಮಕ್ಕಳಿಗೆ ಹೇಗೆ ಹೇಳಲಿ ಅಂತ ಕೇಳಿದ್ದೀರಿ.

ನಾನು ಕುಂಬಳೆಯವಳು. ಮಂಗಳೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ದಿನವಿಡೀ ಅಂಗಡಿಯ ಲೆಕ್ಕ ಬರೆದು, ಮನೆಯ ಲೆಕ್ಕ ಒಂದು ದಿನವೂ ಬರೆಯದೆ ಹನ್ನೊಂದು ವರ್ಷ ಕಳೆದವಳು.

ಒಂದು ಮಾತು ಮೊದಲೇ ಹೇಳುತ್ತೇನೆ, ಬೇಜಾರು ಮಾಡಬೇಡಿ. ದುಂದು ಮಾಡುವುದಿಲ್ಲ ಅನ್ನುವವರ ದುಡ್ಡೇ ಹೀಗೆ ಹೋಗುವುದು. ದುಂದು ಮಾಡುವವರಿಗೆ ಎಲ್ಲಿ ಹೋಯಿತು ಅಂತಾದರೂ ಗೊತ್ತಿರುತ್ತದೆ. ನನಗೂ ಹಾಗೇ ಇತ್ತು. ಚಿನ್ನ ತೆಗೆದುಕೊಂಡಿಲ್ಲ, ಟೂರ್ ಹೋಗಿಲ್ಲ, ಮತ್ತೆ ದುಡ್ಡು ಎಲ್ಲಿ? ಮೂರು ವರ್ಷದ ಹಿಂದೆ ಮಗಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಒಂದು ತಿಂಗಳು ಸುಮ್ನೆ ಬರೆದೆ. ಏನೂ ಕಡಿಮೆ ಮಾಡಲಿಲ್ಲ, ಬರೀ ಬರೆದದ್ದು. ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟ ಹತ್ತು ರೂಪಾಯಿಯೂ ಸೇರಿ.

ತಿಂಗಳ ಕೊನೆಗೆ ಸಿಕ್ಕಿಬಿದ್ದದ್ದು ಸಂಜೆಯ ಹಸಿವು.

ನಾನು ರೈಲು ಇಳಿಯುವಾಗ ಆರೂವರೆ. ಉಂಡದ್ದು ಮಧ್ಯಾಹ್ನ ಒಂದಕ್ಕೆ. ಪೇಟೆಗೆ ಬರುವ ದಾರಿಯಲ್ಲೇ ಬೇಕರಿ. ಗಾಜಿನ ಪೆಟ್ಟಿಗೆಯೊಳಗೆ ಆಗ ತಾನೇ ಹಾಕಿದ ಪಳಂಪೊರಿ, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದ ಬಾಳೆಹಣ್ಣು, ಮೇಲಿನ ಎಣ್ಣೆ ಇನ್ನೂ ಆರಿರುವುದಿಲ್ಲ. ಒಂದು ಚಾ, ಒಂದು ಪಳಂಪೊರಿ. ಒಬ್ಬಳೇ ತಿಂದದ್ದಕ್ಕೆ ಮನಸ್ಸು ಕೇಳುವುದಿಲ್ಲ, ಮಕ್ಕಳಿಗೆ ಎರಡು ಪಫ್ಸ್, ಅತ್ತೆಗೆ ಒಂದು ಬನ್ಸ್ ಕಟ್ಟಿಸುವುದು. ಕೈಯಲ್ಲಿ ಪೊಟ್ಟಣ ಇದ್ದ ಮೇಲೆ ಬಸ್ಸಿಗೆ ಕಾಯಲು ಉದಾಸೀನ, ರಿಕ್ಷಾ ಹತ್ತುವುದು. ಇನ್ನು ಮನೆಗೆ ಹೋದರೆ, ಪಫ್ಸ್ ತಿಂದ ಮಕ್ಕಳಿಗೆ ರಾತ್ರಿ ಊಟ ಬೇಡ. ಮಾಡಿದ ಅನ್ನ ಬೆಳಿಗ್ಗೆ ಹಟ್ಟಿಯ ದನಕ್ಕೆ. ಲೆಕ್ಕ ಕೂಡಿಸಿದಾಗ ಬೇಕರಿಗೆ 2,070, ರಿಕ್ಷಾಕ್ಕೆ 1,150. ಗ್ಯಾಸು, ಕರೆಂಟು ಎರಡೂ ಸೇರಿದರೂ ನಮ್ಮಲ್ಲಿ ಅಷ್ಟು ಆಗುವುದಿಲ್ಲ!

ಇದಕ್ಕೆ ಮನಸ್ಸು ಗಟ್ಟಿ ಮಾಡಿ ಏನೂ ಪ್ರಯೋಜನ ಇಲ್ಲ. ಹಸಿದವಳಿಗೆ ಯಾವ ಮನಸ್ಸು? ಈಗ ಬೆಳಿಗ್ಗೆ ಬುತ್ತಿಯ ಜೊತೆ ಇನ್ನೊಂದು ಸಣ್ಣ ಡಬ್ಬಿ ಕಟ್ಟುತ್ತೇನೆ. ಒಮ್ಮೆ ಬೇಯಿಸಿದ ನೇಂದ್ರ ಬಾಳೆಹಣ್ಣು, ಒಮ್ಮೆ ಒಗ್ಗರಣೆ ಅವಲಕ್ಕಿ. ಸಂಜೆ ರೈಲು ನೇತ್ರಾವತಿ ಸೇತುವೆಗೆ ಬರುವಾಗ ಡಬ್ಬಿ ಬಿಚ್ಚುತ್ತೇನೆ, ಉಳ್ಳಾಲ ಬರುವಾಗ ಖಾಲಿ. ಹೊಟ್ಟೆ ತುಂಬಿದ ಮೇಲೆ ಬೇಕರಿಯ ಎದುರು ನಡೆದು ಹೋಗುವುದು ಕಷ್ಟವೇನಲ್ಲ. ಮಕ್ಕಳಿಗೆ ಶನಿವಾರ ಬೇಕರಿ, ಅದನ್ನು ತಪ್ಪಿಸುವುದಿಲ್ಲ. ನಿಮ್ಮ ಸೋರಿಕೆ ಬೇರೆ ಎಲ್ಲೋ ಇರಬಹುದು. ಆದರೆ ಒಂದು ತಿಂಗಳು ಬರೆಯದೆ ಅದು ಸಿಗುವುದಿಲ್ಲ.

ಅಂದ ಹಾಗೆ, ನೀವು ವಾರಕ್ಕೊಮ್ಮೆ ಮಂಗಳೂರಿಗೆ ಹೋಗುವುದಾದರೆ ರೈಲೇ ಅಗ್ಗ. ನನ್ನಂತೆ ದಿನಾ ಹೋಗುವವರಿಗಂತೂ ಸೀಸನ್ ಟಿಕೆಟ್ ಬಿಟ್ಟು ಬೇರೆ ಮಾತೇ ಇಲ್ಲ. ನನ್ನ ತಿಂಗಳ ಸೀಸನ್ನಿಗೆ ಒಂದು ವಾರದ ಬಸ್ ಚಾರ್ಜಿನಷ್ಟೂ ಆಗುವುದಿಲ್ಲ.

ಕರೆಂಟ್ ಬಿಲ್ಲು ನೋಡಿ ಹೆದರಿದೆವು ಅಂತ ಬರೆದಿದ್ದೀರಿ, ಮಾರ್ಚಿನಲ್ಲಿ ಎಸಿ ಹಾಕಿಸಿದ ಮೇಲೆ. ಹಾಸನದ ತಂಪಿನಿಂದ ಬಂದವರಿಗೆ ನಮ್ಮ ಏಪ್ರಿಲ್ ಸೆಕೆ ಸುಲಭವಲ್ಲ, ಹಾಕಿಸಿದ್ದು ತಪ್ಪು ಅನ್ನುವುದಿಲ್ಲ. ಆದರೆ ಇಲ್ಲಿನ ಲೆಕ್ಕ ತಿಳಿದಿರಲಿ. ಇಲ್ಲಿ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಬಿಲ್ಲು. ತಿಂಗಳಿಗೆ 250 ಯೂನಿಟ್, ಅಂದರೆ ಬಿಲ್ಲಿನಲ್ಲಿ 500 ಯೂನಿಟ್ ತನಕ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲಿನ ಯೂನಿಟ್‌ಗಳಿಗೆ ಕಡಿಮೆ, ಆಮೇಲಿನವಕ್ಕೆ ಜಾಸ್ತಿ. 500 ದಾಟಿತೋ, ಮೆಟ್ಟಿಲೇ ಹೋಯಿತು. ಮೊದಲನೇ ಯೂನಿಟ್‌ನಿಂದಲೇ ಎಲ್ಲದಕ್ಕೂ ಒಂದೇ ದರ. ಹಾಗಾಗಿ 490ಕ್ಕೂ 510ಕ್ಕೂ ವ್ಯತ್ಯಾಸ ಬರೀ ಇಪ್ಪತ್ತು ಯೂನಿಟ್‌ನದ್ದಲ್ಲ. ರೀಡಿಂಗ್ ತೆಗೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ವಾರಕ್ಕೊಮ್ಮೆ ಮೀಟರ್ ನೋಡಿ. ಗೀಸರ್ ಏಪ್ರಿಲ್, ಮೇಯಲ್ಲಿ ಇಲ್ಲಿ ಯಾರಿಗೆ ಬೇಕು? ಟ್ಯಾಂಕಿಯ ನೀರೇ ಮಧ್ಯಾಹ್ನಕ್ಕೆ ಬಿಸಿ ಇರುತ್ತದೆ.

ಇನ್ನು ನಮ್ಮ ಯಜಮಾನರ ಉಳಿತಾಯದ ಕಥೆ. ಪೆಟ್ರೋಲು ಕೇರಳಕ್ಕಿಂತ ಕರ್ನಾಟಕದಲ್ಲಿ ಲೀಟರಿಗೆ ಕೆಲವು ರೂಪಾಯಿ ಅಗ್ಗ. ನಿಮಗೂ ಯಾರಾದರೂ ಹೇಳಿಯೇ ಇರುತ್ತಾರೆ. ಇವರು ಭಾನುವಾರ ಬೆಳಿಗ್ಗೆ ಸ್ಕೂಟರ್ ತೆಗೆದು ಗಡಿಯ ತಲಪಾಡಿ ದಾಟಿ ಹೋಗಿ ತುಂಬಿಸಿಕೊಂಡು ಬರುತ್ತಿದ್ದರು. ಹೋಗಿ ಬರಲು ನಲವತ್ತು ಕಿಲೋಮೀಟರಿಗೂ ಜಾಸ್ತಿ. ಒಂದು ದಿನ ನೋಟ್‌ಬುಕ್ ಎದುರಿಗಿಟ್ಟು ಕೇಳಿದೆ. ಲೀಟರಿಗೆ ನಾಲ್ಕು ರೂಪಾಯಿ ಉಳಿಯಿತು ಅಂತಲೇ ಇಟ್ಟುಕೊಳ್ಳಿ, ನಾಲ್ಕು ಲೀಟರಿಗೆ 16. ದಾರಿಯಲ್ಲಿ ಉರಿದದ್ದು ಹತ್ತಿರ ಹತ್ತಿರ ಒಂದು ಲೀಟರ್, ನೂರರ ಮೇಲೆ. ಅಲ್ಲಿ ಕುಡಿದ ಚಾ ಬೇರೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಳಿ ಸೇವನೆ ಆಯ್ತಲ್ಲ" ಅಂದರು. ಗಡಿಗೆ ಹತ್ತಿರದ ಮಂಜೇಶ್ವರದವರಿಗೆ ಸರಿ, ಆ ಕಡೆ ದಿನಾ ಕೆಲಸಕ್ಕೆ ಹೋಗುವವರಿಗೂ ಸರಿ. ವಿದ್ಯಾನಗರದಿಂದ ಅದಕ್ಕೋಸ್ಕರ ಹೋಗಬೇಡಿ.

ಅಡಿಗೆ ಮನೆಯಲ್ಲಿ ನನ್ನದೇನೂ ಇಲ್ಲ, ಎಲ್ಲ ಅತ್ತೆಯ ವಿದ್ಯೆ. 2025ರಲ್ಲಿ ತೆಂಗಿನೆಣ್ಣೆ ಕಿಲೋಗೆ 400 ದಾಟಿದಾಗ ಅವರು ಮಾಡಿದ್ದು ಇಷ್ಟೇ. ಬಾಟಲಿಯನ್ನು ಒಲೆಯ ಹತ್ತಿರದಿಂದ ತೆಗೆದು ಕಪಾಟಿನಲ್ಲಿಟ್ಟರು. ಒಲೆಯ ಬದಿಗೆ ಒಂದು ಸ್ಟೀಲಿನ ಗಿಂಡಿ, ಅದರಲ್ಲಿ ಆ ದಿನದ ಎಣ್ಣೆ, ಒಂದು ಚಮಚ. ಬಾಟಲಿಯಿಂದ ಬಗ್ಗಿಸುವಾಗ ಕೈಗೆ ಅಂದಾಜು ಇರುವುದಿಲ್ಲ, ಚಮಚಕ್ಕೆ ಇರುತ್ತದೆ. ಒಂಬತ್ತು ದಿನಕ್ಕೆ ಮುಗಿಯುತ್ತಿದ್ದ ಲೀಟರ್ ಹದಿನಾಲ್ಕು ದಿನ ಬಂತು. ಸಾರಿನ ರುಚಿಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ನಮಗೆ ನಾಲ್ಕು ತೆಂಗಿನಮರ ಇದೆ, ಕೊಬ್ಬರಿ ಒಣಗಿಸಿ ಮಿಲ್ಲಿಗೆ ಕೊಡುವುದೂ ಉಂಟು. ಹತ್ತು ಹನ್ನೊಂದು ಕಾಯಿಗೆ ಸುಮಾರು ಒಂದು ಲೀಟರ್ ಬರುತ್ತದೆ. ಆದರೆ ನಿಮಗೆ ಮರವೂ ಇಲ್ಲ, ಒಣಗಿಸಲು ಅಂಗಳವೂ ಇಲ್ಲ, ಅದನ್ನು ಬಿಡಿ.

ಬಾಡಿಗೆ ಮನೆಯಲ್ಲೂ ಆಗುವಂಥದ್ದು ಸೌತೆಕಾಯಿ. ಹಳದಿ ಗೆರೆಯ, ಸಾಂಬಾರಿಗೆ ಹಾಕುವ ದೊಡ್ಡ ಸೌತೆ. ಬೇಸಿಗೆಯಲ್ಲಿ ಗದ್ದೆಯ ಬೆಳೆ ಬಂದು ಅಗ್ಗ ಆದಾಗ ಹತ್ತು ಕಿಲೋ ತೆಗೆದುಕೊಳ್ಳಿ. ಪೆಟ್ಟು ಬಿದ್ದದ್ದು ಬೇಡ. ಬಾಳೆನಾರಿನಲ್ಲೋ ಹಗ್ಗದಲ್ಲೋ ಒಂದೊಂದನ್ನೇ ಕಟ್ಟಿ, ಒಂದಕ್ಕೊಂದು ತಾಗದ ಹಾಗೆ ತೂಗುಹಾಕಿ. ಮಳೆಗಾಲದ ತನಕ ಕೂತಿರುತ್ತದೆ. ನಮ್ಮ ಜಗಲಿಯ ಪಕ್ಕಾಸಿನಲ್ಲಿ ಸಾಲಾಗಿ ನೇತಾಡುತ್ತಿರುತ್ತದೆ, ತಲೆಗೆ ಬಡಿಸಿಕೊಳ್ಳದ ನೆಂಟರಿಲ್ಲ.

ಮೀನು ತಿನ್ನುವವರಾದರೆ ಒಂದು ಮಾತು. ಇಲ್ಲಿ ಜೂನ್ 9ರ ರಾತ್ರಿಯಿಂದ ಜುಲೈ 31ರ ತನಕ ಟ್ರಾಲಿಂಗ್, ಅಂದರೆ ಯಂತ್ರದ ಬೋಟುಗಳು ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ. ಆಗ ಮೀನಿನ ಕ್ರಯ ಕೇಳಿದರೆ ಹಿಂದೆ ಬರಬೇಕು. ನಾವು ಮೇ ತಿಂಗಳಲ್ಲೇ ಒಣಮೀನು ತೆಗೆದಿಡುತ್ತೇವೆ. ಉಳಿದ ದಿನಗಳಲ್ಲಿ ಬೂತಾಯಿಯೇ ನಮ್ಮ ಮೀನು. ಮಾರುವವರು ಮತ್ತಿ ಅಂದರೆ ಅದು ಬೇರೆ ಮೀನು ಅಂತ ತಿಳಿಯಬೇಡಿ, ಅದೇ ಇದು.

ದಿನಸಿಗೆ ಕೇರಳ ಸರ್ಕಾರದ ಸಪ್ಲೈಕೋದ ಮಾವೇಲಿ ಸ್ಟೋರ್ ನೋಡಿಡಿ. ಬೇಳೆ, ಕಡಲೆ, ಸಕ್ಕರೆ, ಮೆಣಸು, ಅಕ್ಕಿ ಹೀಗೆ 13 ಸಾಮಾನು ಸಬ್ಸಿಡಿ ದರದಲ್ಲಿ ಕೊಡುತ್ತಾರೆ, ತಿಂಗಳಿಗೆ ಇಷ್ಟು ಅಂತ ಮಿತಿ ಇದೆ. ಇಲ್ಲಿನ ರೇಷನ್ ಕಾರ್ಡ್ ಬೇಕು. ನಾಲ್ಕೈದು ವರ್ಷ ಇರುವುದಾದರೆ ಮಾಡಿಸುವುದು ಒಳ್ಳೆಯದು. ಬೋರ್ಡು ಮಲಯಾಳದಲ್ಲಿ ಇದ್ದರೆ ಗಾಬರಿ ಬೇಡ, ಸಾಲಿನಲ್ಲಿ ನಿಂತವರನ್ನು ಕನ್ನಡದಲ್ಲಿ ಕೇಳಿದರೂ ಹೇಳುತ್ತಾರೆ.

ಉಳಿದದ್ದನ್ನು ಎಲ್ಲಿಡುವುದು ಅಂದರೆ, ಮನೆಯಲ್ಲಂತೂ ಬೇಡ. ಇಲ್ಲಿ ಚೀಟಿಗೆ 'ಕುರಿ' ಅನ್ನುತ್ತಾರೆ. ಘಟ್ಟದ ಮೇಲಿನ ನನ್ನ ಚಿಕ್ಕಮ್ಮ, "ಮೂರು ಕುರಿ ಇದೆಯಾ, ಮೇಯಿಸುವವರು ಯಾರು?" ಅಂತ ಕೇಳಿದ್ದರು. ಪರಿಚಯದವರು ನಡೆಸುವ ಕುರಿಯಲ್ಲಿ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಈಗ ಸರ್ಕಾರದ್ದೇ ಆದ ಕೆಎಸ್‌ಎಫ್‌ಇಯ ಒಂದು ಚಿಟ್ಟಿ ಮಾತ್ರ. ಸಂಬಳ ಬಂದ ಮರುದಿನವೇ ಕಂತು ಕಟ್ಟುತ್ತೇನೆ, ಉಳಿದರೆ ಕಟ್ಟೋಣ ಅಂದರೆ ಕಟ್ಟಿದ ಹಾಗೇ.

ಕೊನೆಗೆ ಮಕ್ಕಳ ವಿಷಯ. ಇಲ್ಲ, ಬೇಡ, ದುಡ್ಡಿಲ್ಲ ಅಂತ ದಿನಾ ಹೇಳಿ ನಾನು ಸೋತಿದ್ದೆ. ಒಂದು ದಿನ ಬೇಸತ್ತು ನೋಟ್‌ಬುಕ್ಕನ್ನೇ ಮಗಳ ಕೈಗೆ ಕೊಟ್ಟೆ. ಆಗ ಅವಳು ಆರನೇ ಕ್ಲಾಸು. ರಾತ್ರಿ ಊಟ ಆದ ಮೇಲೆ ನಾನು ಹೇಳುವುದು, ಅವಳು ಬರೆಯುವುದು. ಎರಡನೇ ವಾರಕ್ಕೆ ಪಫ್ಸ್ ಕೇಳುವುದು ಅವಳಾಗಿಯೇ ಬಿಟ್ಟಳು. ಆದರೆ ನನ್ನ ಮೇಲೆ ಕಣ್ಣಿಟ್ಟಳು. ಮೊನ್ನೆ ಗುರುವಾರ ಎಲ್ಲ ಹೇಳಿ ಮುಗಿಸಿದೆ. ಅವಳು ಪೆನ್ನು ಮುಚ್ಚಲಿಲ್ಲ.

"ಅಮ್ಮ, ಚಾ ಬರೆಯಲಿಲ್ಲ."

"ಯಾವ ಚಾ?"

"ನಿನ್ನ ಸೆರಗಲ್ಲಿ ಪಳಂಪೊರಿ ಎಣ್ಣೆ ಉಂಟು."

ಇಪ್ಪತ್ತೈದು ರೂಪಾಯಿ ಬರೆಸಿದೆ.