ನ್ಯೂಟ್ರಾನ್‌ನ ಶಕ್ತಿಯನ್ನು ಬೆಳಕಿನ ಮಿನುಗು ನೋಡಿ ಹೇಳಬಹುದಾ?

ಗಾಮಾ ಕಿರಣದ ಶಕ್ತಿಯನ್ನು ಸಿಂಟಿಲೇಟರ್‌ನ (ವಿಕಿರಣ ಬಿದ್ದರೆ ಮಿನುಗುವ ವಸ್ತು) ಬೆಳಕು ನೋಡಿಯೇ ಹೇಳುತ್ತಾರೆ, ನ್ಯೂಟ್ರಾನ್‌ಗೂ ಹಾಗೇ ಆಗಲ್ವಾ ಎಂದು ಕೇಳಿದ್ದೀರಿ. ಸಂಶೋಧನೆಗೆ ಸೇರಿದ ಹೊಸದರಲ್ಲಿ ನನಗೂ ಇದೇ ಪ್ರಶ್ನೆ ಇತ್ತು. ಸಾಮಾನ್ಯ ಸಿಂಟಿಲೇಟರ್‌ನಲ್ಲಿ ಒಂದು ಮಿನುಗಿನಿಂದ ಅದು ಆಗುವುದಿಲ್ಲ.

ನ್ಯೂಟ್ರಾನ್‌ಗೆ ಚಾರ್ಜ್ ಇಲ್ಲ, ಅದು ತಾನಾಗಿ ಬೆಳಕು ಹುಟ್ಟಿಸದು. ದ್ರವ ಸಿಂಟಿಲೇಟರ್‌ನ ಹೈಡ್ರೋಜನ್‌ನಲ್ಲಿರುವ ಪ್ರೋಟಾನ್‌ಗೆ ಗುದ್ದುತ್ತದೆ, ಬೆಳಕು ಕೊಡುವುದು ಆ ಪ್ರೋಟಾನ್. ಗೋಲಿ ಆಡಿದವರಿಗೆ ಇದು ಗೊತ್ತು. ನೇರ ಹೊಡೆದರೆ ಎದುರಿನ ಗೋಲಿ ಅಷ್ಟೇ ಜೋರಾಗಿ ಓಡುತ್ತದೆ, ಸವರಿಕೊಂಡು ಹೋದರೆ ಸುಮ್ನೆ ಅಲುಗುತ್ತದೆ. ಹಾಗಾಗಿ 2 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ನ್ಯೂಟ್ರಾನ್ ಬಂದರೂ ಪ್ರೋಟಾನ್‌ಗೆ ಸೊನ್ನೆಯಿಂದ 2ರವರೆಗೆ ಎಷ್ಟು ಬೇಕಾದರೂ ಸಿಗಬಹುದು. ಬೆಳಕಿನ ಗ್ರಾಫ್‌ನಲ್ಲಿ ಒಂದೇ ಶಕ್ತಿಯನ್ನು ತೋರಿಸುವ ಚೂಪಾದ ಶಿಖರ ಎಲ್ಲಿಂದ ಬರಬೇಕು?

ಅದಕ್ಕೇ ಬೆಳಕಿನ ಬದಲು ಸಮಯ ಅಳೆಯುತ್ತಾರೆ. ದೆಹಲಿಯ ಐಯುಎಸಿ ಎಂಬ ವೇಗವರ್ಧಕ ಕೇಂದ್ರದಲ್ಲಿರುವ, ನ್ಯೂಟ್ರಾನ್ ಹಿಡಿಯುವ ನಂದ್ ವ್ಯವಸ್ಥೆಯಲ್ಲಿ 100 ದ್ರವ ಡಿಟೆಕ್ಟರ್‌ಗಳು ಟಾರ್ಗೆಟ್‌ನಿಂದ (ಕಣಗಳ ಬೀಮ್ ಬಡಿದು ನ್ಯೂಟ್ರಾನ್, ಗಾಮಾ ಹೊರಡುವ ಜಾಗ) 175 ಸೆಂಟಿಮೀಟರ್ ದೂರದಲ್ಲಿವೆ. ಆ ದೂರ ದಾಟಲು ಗಾಮಾಗೆ ಸುಮಾರು 6 ನ್ಯಾನೋಸೆಕೆಂಡ್ ಸಾಕು. 2 ಎಂಇವಿ ನ್ಯೂಟ್ರಾನ್‌ಗೆ ಸುಮಾರು 90, 1 ಎಂಇವಿಯದಕ್ಕೆ 127 ಬೇಕು. ಸಮಯದಿಂದ ವೇಗ, ವೇಗದಿಂದ ಶಕ್ತಿ. ಇದು ಗಾಮಾನಾ ನ್ಯೂಟ್ರಾನಾ ಎಂದು ಮಾತ್ರ ಬೆಳಕು ಹೇಳುತ್ತದೆ: ಪ್ರೋಟಾನ್‌ನ ಮಿನುಗು ಆರುವುದು ನಿಧಾನ, ಅದರ ಬಾಲ ದಪ್ಪ.

ಸಮಯದ ಗ್ರಾಫ್‌ನಲ್ಲಿ ಗಾಮಾಗಳ ಶಿಖರವೇ ಇಲ್ಲಿ ಅಳತೆಗೋಲು: ಅದು ಆ 6 ನ್ಯಾನೋಸೆಕೆಂಡ್ ಬಳಿಯೇ ನಿಲ್ಲಬೇಕು. ಒಮ್ಮೆ ನಾನು ಕೇಬಲ್ ಬದಲಿಸಿ ಆ ಶಿಖರವನ್ನು ಮತ್ತೆ ನೋಡದೆ ಮುಂದುವರಿದಿದ್ದೆ. ಒಂದು ಮೀಟರ್ ಕೇಬಲ್ ಅಂದರೆ ಸುಮಾರು 5 ನ್ಯಾನೋಸೆಕೆಂಡ್, ಎಲ್ಲಾ ಶಕ್ತಿಗಳೂ ಜಾರಿಬಿಟ್ಟಿದ್ದವು. ಗಾಮಾ ಶಿಖರ ಡೇಟಾದಲ್ಲೇ ಇದ್ದುದರಿಂದ ಸರಿಪಡಿಸಲು ಆಯಿತು.

ನೀವು ಕೇಳಿದಂತೆ ಬೆಳಕಿನಿಂದಲೇ ಶಕ್ತಿ ಹೇಳುವ ಹರಳೂ ಒಂದಿದೆ: ಸಿಎಲ್‌ವೈಸಿ. ಸೀಸಿಯಂ, ಲಿಥಿಯಂ, ಯಿಟ್ರಿಯಂ, ಕ್ಲೋರಿನ್ ಸೇರಿದ್ದು. ಅದರಲ್ಲಿನ ಕ್ಲೋರಿನ್-35 ನ್ಯೂಟ್ರಾನನ್ನು ನುಂಗಿ ಪ್ರೋಟಾನ್ ಉಗುಳುತ್ತದೆ, ತಾನು ಗಂಧಕ-35 ಆಗುತ್ತದೆ. ಎರಡೂ ಹರಳಿನೊಳಗೇ ನಿಲ್ಲುತ್ತವೆ. ನ್ಯೂಟ್ರಾನ್‌ನ ಪೂರ್ತಿ ಶಕ್ತಿ, ಮೇಲೆ ಆ ಕ್ರಿಯೆಯಲ್ಲೇ ಬಿಡುಗಡೆಯಾಗುವ 0.615 ಎಂಇವಿ, ಅಲ್ಲೇ ಉಳಿಯುತ್ತದೆ. ಆಗ ನಿಜವಾದ ಶಿಖರ ಕಾಣುತ್ತದೆ! ಮೊದಲ ಸಲ ನೋಡಿದಾಗ ನನಗಾದ ಖುಷಿ ಇನ್ನೂ ನೆನಪಿದೆ.

ಆದರೆ ಹರಳು ಚಿಕ್ಕದು, ದುಬಾರಿ, ಹಿಡಿಯುವ ವೇಗದ ನ್ಯೂಟ್ರಾನ್‌ಗಳೂ ಕಡಿಮೆ. ಕೆಲವು ಎಂಇವಿ ದಾಟಿದರೆ ಕ್ಲೋರಿನ್‌ನ ಬೇರೆ ಕ್ರಿಯೆಗಳೂ ಬೆರೆಯುತ್ತವೆ. ಪಲ್ಸ್ ಬೀಮ್ (ಕಣಗಳು ಬಿಟ್ಟುಬಿಟ್ಟು ಕಂತೆಯಾಗಿ ಬರುವುದು, ಅದರಿಂದ ಓಟ ಶುರುವಾದ ಹೊತ್ತು ಗೊತ್ತಾಗುತ್ತದೆ) ಇದ್ದರೆ ನಾನು ದ್ರವ ಡಿಟೆಕ್ಟರನ್ನೇ ಆರಿಸುತ್ತೇನೆ. ಓಟಕ್ಕೆ ಜಾಗವಿಲ್ಲದ ಸಣ್ಣ ಕೋಣೆಯಾದರೆ ಸಿಎಲ್‌ವೈಸಿ ತಗೊಳ್ಳಿ. ಲಿಥಿಯಂ-7 ಜಾಸ್ತಿ ಇರುವುದನ್ನೇ ಕೇಳಿ. ಲಿಥಿಯಂ-6 ಇದ್ದರೆ ನಿಧಾನ ನ್ಯೂಟ್ರಾನ್‌ಗಳ ದೊಡ್ಡ ಶಿಖರ ನಿಮಗೆ ಬೇಕಾದ ಜಾಗವನ್ನೇ ಮುಚ್ಚಿಬಿಡುತ್ತದೆ.