ಒಂದು ಸಲಕ್ಕೆ ಒಂದೇ ತಪ್ಪು

ಪ್ರಶ್ನೆ: ಅಣ್ಣಾ, ನಾನು ಗದಗಿನವಳು. ಪುಣೆಯ ಹಿಂಜವಡಿಯಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಪಾರ್ಸೆಲ್ ಬುಕ್ ಮಾಡುವ ಎಪಿಐಗೆ (ಬೇರೆ ಪ್ರೋಗ್ರಾಂಗಳು ಸರ್ವರ್ ಜೊತೆ ಮಾತಾಡುವ ಬಾಗಿಲು) ನಲವತ್ತು ನೆಗೆಟಿವ್ ಟೆಸ್ಟ್ ಬರೆದೆ, ಅಂದರೆ ಬೇಕೆಂದೇ ತಪ್ಪು ಮಾಹಿತಿ ಕಳಿಸಿ ಸರ್ವರ್ ತಿರಸ್ಕರಿಸುತ್ತದೆಯೇ ಎಂದು ನೋಡುವ ಟೆಸ್ಟ್. ಎಲ್ಲದಕ್ಕೂ 400 ಎಂಬ ತಿರಸ್ಕಾರದ ಕೋಡ್ ಬಂತು, ಎಲ್ಲವೂ ಪಾಸ್. ಆದರೂ ಐದಂಕಿಯ ಪಿನ್ ಕೋಡ್ ಹಾಕಿದ ಗ್ರಾಹಕರೊಬ್ಬರ ಬುಕಿಂಗ್ ಸಲೀಸಾಗಿ ಒಳಗೆ ಹೋಗಿದೆ. ಆ ಟೆಸ್ಟ್ ನನ್ನ ಪಟ್ಟಿಯಲ್ಲೇ ಇದೆ! ಅದನ್ನೂ ಇದರ ಜೊತೆ ಕಳಿಸಿದ್ದೇನೆ. ಎಲ್ಲಿ ಎಡವಿದೆ?
– ಹೆಸರು ಬೇಡ

ಉತ್ತರ: ತಂಗಿ, ನೀನು ಕಳಿಸಿದ ಟೆಸ್ಟ್ ನೋಡಿದೆ. ಪಿನ್ ಕೋಡ್ ಐದಂಕಿ, ಸರಿ. ಆದರೆ ಅದೇ ರಿಕ್ವೆಸ್ಟ್‌ನಲ್ಲಿ ಮೊಬೈಲ್ ನಂಬರ್ ಖಾಲಿ ಬಿಟ್ಟಿದ್ದೀಯ. ಸರ್ವರ್ ಮೊಬೈಲ್ ನೋಡಿ ಹೊಸ್ತಿಲಲ್ಲೇ ತಿರುಗಿಸಿ ಕಳಿಸಿದೆ, ಪಿನ್ ಕೋಡ್ ಹತ್ತಿರ ಹೋಗಿಯೇ ಇಲ್ಲ. ಅಲ್ಲಿ ತಪಾಸಣೆ ಇದೆಯೋ ಇಲ್ಲವೋ ಯಾರಿಗೆ ಗೊತ್ತು? ಈಗ ನಿನ್ನ ಗ್ರಾಹಕರಿಗೆ ಗೊತ್ತು.

ಮೊದಲು ಪೂರ್ತಿ ಸರಿಯಿರುವ ಒಂದು ರಿಕ್ವೆಸ್ಟ್ ಮಾಡಿಕೊ. ಅದು ಪಾಸಾಗುವುದನ್ನು ಕಣ್ಣಾರೆ ನೋಡು. ಆಮೇಲೆ ಅದರಲ್ಲಿ ಒಂದನ್ನು ಮಾತ್ರ ಕೆಡಿಸು. ನಾನಿರುವ ಕೋಥ್ರೂಡಿನ ಪಿನ್ 411038. ಅದನ್ನು 41103 ಮಾಡು, 4110381 ಮಾಡು. 011038 ಕೂಡ ಹಾಕಿ ನೋಡು, ನಮ್ಮ ದೇಶದಲ್ಲಿ ಸೊನ್ನೆಯಿಂದ ಶುರುವಾಗುವ ಪಿನ್ ಇಲ್ಲ. ಇನ್ನೊಂದು ನನ್ನ ಮೆಚ್ಚಿನದು: ೪೧೧೦೩೮. ನಿಮ್ಮ ಸರ್ವರ್‌ನ ಕೋಡ್ ಪೈಥಾನ್ ಭಾಷೆಯಲ್ಲಿದ್ದರೆ ಕನ್ನಡ ಅಂಕಿಗಳೂ ಅದಕ್ಕೆ ಅಂಕಿಗಳೇ, ತಕರಾರಿಲ್ಲದೆ ಸಂಖ್ಯೆಯಾಗಿ ಬದಲಿಸಿಕೊಳ್ಳುತ್ತದೆ. ಒಪ್ಪಬೇಕೋ ಬೇಡವೋ ಎಂದು ತಂಡದವರನ್ನು ಕೇಳು. ಯಾರೂ ಯೋಚಿಸಿರುವುದಿಲ್ಲ, ಪಂದ್ಯ ಕಟ್ಟುತ್ತೇನೆ. ತಾರೀಖಿಗೆ 29-2-2023 ಕೊಡು, ಪಕ್ಕದಲ್ಲೇ 29-2-2024 ಕೂಡ ಇರಲಿ. ಮೊದಲನೆಯದನ್ನು ತಳ್ಳುವ ಭರದಲ್ಲಿ ಎರಡನೆಯದನ್ನೂ ತಳ್ಳುವ ಕೋಡ್ ಇರುತ್ತದೆ.

400 ಅಂದರೆ ನೀನು ಕಳಿಸಿದ್ದರಲ್ಲಿ ಎಲ್ಲೋ ತಪ್ಪಿದೆ ಎಂದಷ್ಟೇ. ಯಾವ ಫೀಲ್ಡ್ ಎಂದು ಉತ್ತರದಲ್ಲಿ ಬಂದಿದೆಯೇ, ಟೆಸ್ಟ್ ಅದನ್ನೂ ನೋಡಲಿ. ಇನ್ನು 500 ಬಂದರೆ ಸರ್ವರ್ ತಾನೇ ಮುಗ್ಗರಿಸಿದೆ, ಅದು ಪಾಸ್ ಅಲ್ಲ. 200 ಅಂದರೆ ಎಲ್ಲ ಸರಿ ಎಂಬ ಉತ್ತರ. "200 ಬರಲಿಲ್ಲವಲ್ಲ, ಸಾಕು" ಎನ್ನುವವರ ಜೊತೆ ನಾನು ಜಗಳವಾಡಿದ್ದೇನೆ.

ಆದರೆ ನಾನೂ ಒಮ್ಮೆ ಬಿದ್ದವನೇ. ಹಿಂದಿನ ಕೆಲಸದಲ್ಲಿ ಸೊನ್ನೆ ತೂಕದ ಪಾರ್ಸೆಲ್ ಕಳಿಸಿದೆ. 400 ಬಂತು, ಸರಿಯಾದ ಫೀಲ್ಡ್, ಸರಿಯಾದ ಸಂದೇಶ. ಖುಷಿಯಾಗಿ ಚಹಾಕ್ಕೆ ಹೋದೆ. ಎರಡು ವಾರದ ಮೇಲೆ ತಿಳಿಯಿತು, ಬುಕಿಂಗ್ ತಿರಸ್ಕಾರವಾದರೂ ವ್ಯಾಲೆಟ್‌ನಿಂದ 60 ರೂಪಾಯಿ ಹೋಗುತ್ತಿತ್ತು. ಹಣ ಕಡಿತ ಮೇಲಿನ ಸಾಲಿನಲ್ಲಿ, ತೂಕದ ತಪಾಸಣೆ ಅದರ ಕೆಳಗೆ! ಅಂದಿನಿಂದ ಪ್ರತಿ ನೆಗೆಟಿವ್ ಟೆಸ್ಟಿನ ಹಿಂದೆ ಮುಂದೆ ಬ್ಯಾಲೆನ್ಸ್ ಓದುತ್ತೇನೆ, ಬುಕಿಂಗ್ ಎಷ್ಟಿವೆ ಎಂದು ಎಣಿಸುತ್ತೇನೆ.

ಸೋಮವಾರ ಆಫೀಸಿಗೆ ಹೋದ ಕೂಡಲೇ ಆ ನಲವತ್ತನ್ನೂ ತೆಗೆದು ಮೊಬೈಲ್ ಎಷ್ಟರಲ್ಲಿ ಖಾಲಿ ಇದೆ ನೋಡು. ಮೊದಲನೆಯದನ್ನೇ ಕಾಪಿ ಹೊಡೆದು ಉಳಿದವನ್ನು ಬರೆದಿದ್ದರೆ, ನಲವತ್ತರಲ್ಲೂ.